ಬಟ್ಟಲಿನ ತಳದಲ್ಲಿ ಏನಿತ್ತು?

ಜುಲೈ 2

ಅತ್ತೆ,

ನಾನು ಕ್ಷೇಮ. ಊಟ ಚೆನ್ನಾಗಿದೆ. ಓದು ಚೆನ್ನಾಗಿ ಸಾಗಿದೆ.

ಗಾಬರಿಯಾಗಬೇಡ, ಇದು ಹಾಸ್ಟೆಲ್ ಅಭ್ಯಾಸ. ಮೂರನೇ ಕ್ಲಾಸಿನಿಂದ ಪ್ರತಿ ಭಾನುವಾರ ಪತ್ರದ ಮೊದಲ ಸಾಲು ಇದೇ ಇರಬೇಕಿತ್ತಲ್ಲ. ಇಲ್ಲದಿದ್ದರೆ ವಾರ್ಡನ್ ಮೇಡಂ ಲಕೋಟೆ ಅಂಟಿಸೋಕೇ ಬಿಡ್ತಿರಲಿಲ್ಲ. ಈಗ ನನ್ನ ಪತ್ರ ಓದೋಕೆ ಯಾವ ಮೇಡಮ್ಮೂ ಇಲ್ಲ, ಆದ್ರೂ ಪೆನ್ನು ತಾನಾಗೇ ಬರೆದುಬಿಡ್ತು.

ಸ್ಟಾಂಪ್ ನೋಡಿದೆ ತಾನೆ? ನೆಟ್ಟಗಿದೆ. ಒಳಗೆ ಮೇಡಂ ಏನೇ ಬರೆಸಲಿ, ಹೊರಗೆ ಸ್ಟಾಂಪ್ ತಲೆಕೆಳಗಾಗಿದ್ದರೆ 'ನಾನು ಸರಿಯಾಗಿಲ್ಲ' ಅಂತ ಅರ್ಥ. ನೀನು ಹೇಳಿಕೊಟ್ಟ ಕಳ್ಳಾಟ ನನಗೆ ಚೆನ್ನಾಗಿ ನೆನಪಿದೆ. ಐದನೇ ಕ್ಲಾಸಲ್ಲಿ ಒಂದೇ ಒಂದು ಸಲ ತಲೆಕೆಳಗೆ ಅಂಟಿಸಿದ್ದೆ. ಮರುವಾರವೇ ನೀನು ಹಾಸ್ಟೆಲ್ ಗೇಟಿನ ಹತ್ರ ಚೀಲ ಹಿಡ್ಕೊಂಡು ನಿಂತಿದ್ದೆ. ಈಗ ಅದೆಲ್ಲ ಬೇಕಾಗಿಲ್ಲ. ಐ ಆಮ್ ಫೈನ್.

ರೂಮು ಸಿಕ್ಕಿದೆ. ಕೆಳಗೆ ಬೀಗದ ಅಂಗಡಿ. ದಿನವಿಡೀ ಕೀಲಿಕೈ ಉಜ್ಜೋ ಸದ್ದು. ಕಾಲೇಜು ಎಷ್ಟು ದೊಡ್ಡದು ಅಂದ್ರೆ ಮೊದಲ ದಿನ ನಾನು ಬೇರೆ ಯಾವುದೋ ಡಿಪಾರ್ಟ್‌ಮೆಂಟಿನ ಕ್ಲಾಸಲ್ಲಿ ಕೂತು ಪೂರ್ತಿ ನೋಟ್ಸ್ ಬರ್ಕೊಂಡೆ. ನೀನ್ಯಾರಮ್ಮ ಅಂತ ಒಬ್ಬರೂ ಕೇಳಲಿಲ್ಲ.

ಆಕ್ಚುಲಿ ನನಗೊಂದು ಹೆಲ್ಪ್ ಬೇಕು. ಈ ಕಾಲೇಜಿಗೆ ಮೆಸ್ ಇಲ್ಲ. ಮಧ್ಯಾಹ್ನ ಊಟದ ಗಂಟೆ ಹೊಡೆಯಲ್ಲ. ಎಲ್ಲರೂ ಗುಂಪು ಕಟ್ಕೊಂಡು ಹೊರಗೆ ತಿನ್ನೋಕೆ ಹೋಗ್ತಾರೆ. ನೀನು ಇದೇ ಊರಿನ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಅಷ್ಟು ವರ್ಷ ಆಪರೇಟರ್ ಆಗಿದ್ದವಳು, ಅದೂ ಒಬ್ಬಳೇ. ಎಲ್ಲಿ ತಿನ್ನಬೇಕು, ಯಾವ ಕಡೆ ಓಡಾಡಬೇಕು, ಸ್ವಲ್ಪ ಟಿಪ್ಸ್ ಕೊಡು. ಫೋನಲ್ಲಿ ಹುಡುಕಿದ್ರೆ ಎಲ್ಲಾ ಹೋಟ್ಲಿಗೂ ನಾಲ್ಕೂವರೆ ಸ್ಟಾರ್. ಎಲ್ಲರಿಗೂ ಫಸ್ಟ್ ಕ್ಲಾಸ್ ಕೊಟ್ಟುಬಿಟ್ಟರೆ ಪಾಸಾದವರು ಯಾರು ಅಂತ ಹೇಗೆ ಗೊತ್ತಾಗಬೇಕು?

ಡಾಕ್ಟರು ನಿನಗೆ ಮಾತಾಡಬೇಡಿ ಅಂದಿದ್ದಾರೆ ಅಂತ ಅಪ್ಪ ಲಾರಿ ಎಲ್ಲೋ ನಿಲ್ಲಿಸಿಕೊಂಡು ಫೋನ್ ಮಾಡಿ ಹೇಳಿದ. ಮೆಸೇಜ್ ಹಾಕಿದ್ರೆ ನೀನು ಬರೀ ಒಂದು ಹೆಬ್ಬೆರಳು ಕಳಿಸ್ತೀಯ. ಅದಕ್ಕೇ ಮತ್ತೆ ಈ ಪತ್ರ.

ನಿನ್ನ
ಸೂಜಿ


ಜುಲೈ 9

ಸೂಜಿ,

ಪತ್ರ ಬಂತು. ಸ್ಟಾಂಪು ನೆಟ್ಟಗಿತ್ತು, ಅಕ್ಷರ ಮಾತ್ರ ಸೊಟ್ಟಗಿತ್ತು. ಮಂಚದ ಮೇಲೆ ಬೋರಲು ಬಿದ್ಕೊಂಡು ಬರೆದಿದ್ದೀಯ. ಒಂದು ಮೇಜು ತಗೋ.

ಟಿಪ್ಸ್ ಅಂತೆ ಟಿಪ್ಸು! ನನಗೆ ಯಾರೂ ಕೊಡಲಿಲ್ಲ, ಕಾಲು ಸವೆಸಿಕೊಂಡು ಕಲಿತದ್ದು. ಆದ್ರೂ ಕೇಳು. ಹೋಟ್ಲಿನ ಬಾಗಿಲಲ್ಲಿ ನಿಂತು ಬೋರ್ಡು ಓದಬೇಡ. ಓದ್ತಾ ನಿಂತವಳು ಒಳಗೆ ಹೋಗಲ್ಲ, ನನಗೆ ಗೊತ್ತು. ಸೀದಾ ಒಳಗೆ ಹೋಗು, ಕೂತ್ಕೋ, ಆಮೇಲೆ ಓದು. ಕೂತ ಮೇಲೆ ಎಬ್ಬಿಸಿ ಕಳಿಸೋ ಧೈರ್ಯ ಯಾವ ಸಪ್ಲೈಯರಿಗೂ ಇಲ್ಲ. ಗೋಡೆಗೆ ಬೆನ್ನು ಕೊಟ್ಟು ಕೂತ್ಕೋ. ಆಗ ನಿನ್ನ ಬೆನ್ನ ಹಿಂದೆ ಯಾರು ನೋಡ್ತಿದ್ದಾರೋ ಅನ್ನೋ ಚಿಂತೆ ಇರಲ್ಲ. ಊಟದ ರಶ್ ಮುಗಿದು ಮೂರು ಗಂಟೆ ಹೊತ್ತಿಗೆ ಹೋದ್ರೆ ಇನ್ನೂ ಒಳ್ಳೇದು. ಆಗ ಕೆಲಸದವರು ತಾವು ಊಟಕ್ಕೆ ಕೂರ್ತಾರೆ. ಅವರು ಏನು ತಿಂತಿದ್ದಾರೋ ಅದನ್ನೇ ಕೇಳು. ಮೆನುವಿನಲ್ಲಿ ಬರೆಯದೇ ಇರೋ ಊಟವೇ ಊಟ.

ಮೊದಲು ಸೌಟಿನ ಅಂಗಡಿಗೆ ಹೋಗು. ಹಳೇ ಎಕ್ಸ್‌ಚೇಂಜ್ ಕಟ್ಟಡದ ಹಿಂದಿನ ಓಣಿ, ಹಸಿರು ಬಾಗಿಲು, ಬೋರ್ಡು ಇಲ್ಲ. ನಡೆಸೋ ಹೆಂಗಸಿನ ಹೆಸರು ನಮಗ್ಯಾರಿಗೂ ಗೊತ್ತಿರಲಿಲ್ಲ. ಕೈಯಲ್ಲಿ ಯಾವಾಗಲೂ ಸೌಟು ಇರ್ತಿತ್ತು, ಬೈಯೋವಾಗಲೂ ಅದನ್ನೇ ಆಡಿಸೋಳು, ಅದಕ್ಕೇ ಸೌಟು. ಬರೀ ಸೂಪು, ಬ್ರೆಡ್ಡು. ಬೇರೇನೂ ಇಲ್ಲ. ಶಿಫ್ಟು ಮುಗಿಸಿ ಗಂಟಲು ಒಣಗಿ ಹೋಗಿದ್ದಾಗ ಆ ಸೂಪಿನ ಮೊದಲ ಗುಟುಕು ಒಳಗಿಳಿದರೆ, ನಾನು ಮತ್ತೆ ಮನುಷ್ಯಳಾಗ್ತಿದ್ದೆ.

ಹೋಗಿ ಬಂದು ಬರಿ. ಎಲ್ಲಾ ಬರಿ.

ನನ್ನ ಗಂಟಲಿನ ಸುದ್ದಿ ಬಿಡು, ಒಂದು ಇನ್ಫೆಕ್ಷನ್ನು. ಊರಿಗೆಲ್ಲ 'ಲೈನಲ್ಲಿರಿ' ಅಂತ ಹೇಳಿ ಹೇಳಿ ಸವೆದಿದೆ, ಈಗ ಅದೇ ಲೈನಲ್ಲಿ ಕಾಯ್ತಾ ಕೂತಿದೆ.

ಅತ್ತೆ


ಜುಲೈ 17

ಅತ್ತೆ,

ಹೋಗಿದ್ದೆ! ಹಸಿರು ಬಾಗಿಲು ಇನ್ನೂ ಇದೆ, ಬಣ್ಣ ಮಾತ್ರ ಚಕ್ಕೆ ಚಕ್ಕೆ ಎದ್ದಿದೆ. ಬಾಗಿಲ ಪಕ್ಕದ ಕಿಟಕಿಗೆ ಆವಿ ಕಟ್ಟಿಕೊಂಡಿರುತ್ತೆ. ಒಳಗೆ ಉದ್ದ ಬೆಂಚುಗಳು, ಮೂಲೆಯಲ್ಲಿ ಒಂದು ಸಣ್ಣ ಮೇಜು. ಎಕ್ಸ್‌ಚೇಂಜ್ ಕಟ್ಟಡ ಈಗ ಯಾವುದೋ ಗೋಡೌನು. ಸೂಪ್ ತಗೊಂಡೆ. ತುಂಬಾ ಚೆನ್ನಾಗಿತ್ತು. ಬ್ರೆಡ್ಡೂ ಚೆನ್ನಾಗಿತ್ತು. ಫ್ರೆಂಡ್ಸ್ ಜೊತೆ ಹೋಗಿದ್ದೆ. ಅವರಿಗೂ ಇಷ್ಟ ಆಯ್ತು.

ಇಲ್ಲಿ ಎಲ್ಲ ಓಕೆ. ಇಂಗ್ಲಿಷ್ ಕ್ಲಾಸಲ್ಲಿ ಲೆಕ್ಚರರ್ ಒಂದು ಪ್ರಶ್ನೆ ಕೇಳಿದ್ರು, ಉತ್ತರ ಗೊತ್ತಿತ್ತು, ಹೇಳಲಿಲ್ಲ. ಎದ್ದು ನಿಂತು ಹೇಳಬೇಕೋ ಕೂತೇ ಹೇಳಬೇಕೋ ಅಂತ ಯೋಚನೆ ಮಾಡೋವಷ್ಟರಲ್ಲಿ ಬೇರೆ ಯಾರೋ ಹೇಳಿಬಿಟ್ರು.

ಇನ್ನೂ ಟಿಪ್ಸ್ ಕಳಿಸು.

ಸೂಜಿ


ಜುಲೈ 24

ಸೂಜಿ,

ಮೂಲೆಯ ಸಣ್ಣ ಮೇಜು! ಅದು ನನ್ನ ಮೇಜು ಕಣೇ. ಇನ್ನೂ ಇದೆಯಾ! ಓದಿ ಕುಣಿಯೋ ಹಾಗಾಯ್ತು.

ಆದ್ರೆ ಇದೆಂಥ ಬರವಣಿಗೆ? 'ತುಂಬಾ ಚೆನ್ನಾಗಿತ್ತು' ಅಂತ ಬಾಗಿಲಿನ ಬಣ್ಣಕ್ಕೂ ಹೇಳಬಹುದು. ಸೂಪು ಬಿಸಿ ಎಷ್ಟಿತ್ತು? ನಾಲಿಗೆ ಸುಟ್ಕೊಂಡ್ಯಾ? ಉಪ್ಪು ಮುಂದಿತ್ತಾ, ಮೆಣಸು ಮುಂದಿತ್ತಾ? ಈರುಳ್ಳಿ ಹಲ್ಲಿಗೆ ಸಿಕ್ಕಿತಾ, ಕರಗಿತ್ತಾ? ಬಟ್ಟಲಿನ ತಳದಲ್ಲಿ ಏನಿತ್ತು? ಇದಕ್ಕೆಲ್ಲ ಉತ್ತರ ಬರಿ. ಪರೀಕ್ಷೆ ಅಂತಲೇ ತಿಳ್ಕೋ. ಎದ್ದು ನಿಂತೂ ಹೇಳಬಹುದು, ಕೂತೂ ಹೇಳಬಹುದು.

ಈಗ ಓಡಾಟದ ವಿಷಯ. ಊರು ನೋಡಬೇಕು ಅಂದ್ರೆ ಯಾವುದಾದರೂ ಬಸ್ಸು ಹತ್ತಿ ಕೊನೇ ಸ್ಟಾಪಿನ ತನಕ ಹೋಗು. ಅಲ್ಲಿ ಇಳಿದು ಬಸ್ಸು ಬಂದ ದಾರಿಯಲ್ಲೇ ನಡ್ಕೊಂಡು ವಾಪಸ್ ಬಾ. ಸುಸ್ತಾದ ಕಡೆ ಬಸ್ಸು ಹತ್ತು. ಕೊನೇ ಸ್ಟಾಪಿನ ಹತ್ರ ಡ್ರೈವರು ಕಂಡಕ್ಟರು ಚಹಾ ಕುಡಿಯೋ ಗೂಡಂಗಡಿ ಇದ್ದೇ ಇರತ್ತೆ. ಅಲ್ಲಿ ಕೆಟ್ಟ ಚಹಾ ಕೊಟ್ರೆ ಅಂಗಡಿಯವನು ಬದುಕಿರಲ್ಲ. ಪೇಟೆ ಬೀದಿಯಲ್ಲಿ ಎಡಗಡೆ ಫುಟ್‌ಪಾತಲ್ಲಿ ಹೋಗಿ, ಬರುವಾಗ ಬಲಗಡೆ ಬಾ. ಒಂದೇ ಬೀದಿ ಎರಡಾಗತ್ತೆ.

ನಾನು ಆರಾಮ. ಪಕ್ಕದ ಮನೆಯ ನರ್ಸು ದಿನಾ ಬಂದು ಮಾತಾಡಿಸ್ಕೊಂಡು ಹೋಗ್ತಾಳೆ. ಹೊತ್ತು ಹೊತ್ತಿಗೆ ಸರಿಯಾಗಿ ಎಲ್ಲ ನಡೀತಿದೆ.

ಅತ್ತೆ


ಆಗಸ್ಟ್ 2

ಅತ್ತೆ,

ನಿನ್ನ ಬಸ್ಸಿನ ಐಡಿಯಾ ಬೆಸ್ಟ್. ಭಾನುವಾರ ಹೋಗಿದ್ದೆ. ಕೊನೇ ಸ್ಟಾಪಿನ ಹತ್ರ ಒಂದು ದೊಡ್ಡ ನೀರಿನ ಟ್ಯಾಂಕು. ಅದರ ಕಾಲುಗಳ ಮಧ್ಯೆ ಹುಡುಗಿಯರು ಹಗ್ಗ ಜಿಗೀತಿದ್ರು. ಅಲ್ಲಿಂದ ನಡ್ಕೊಂಡು ಬಂದೆ. ಒಂದು ಬೀದಿ ಪೂರ್ತಿ ಹಳೇ ಬಾಗಿಲು ಮಾರೋರು. ಬಾಗಿಲುಗಳು ಗೋಡೆಗೆ ಒರಗಿ ನಿಂತಿವೆ, ಚಿಲಕ ಸಮೇತ. ಒಂದರ ಮೇಲೆ 'ದಯವಿಟ್ಟು ಚಪ್ಪಲಿ ಹೊರಗೆ ಬಿಡಿ' ಅಂತ ಇತ್ತು. ಒಳಗೇ ಇಲ್ಲ, ಇನ್ನು ಹೊರಗೆ ಎಲ್ಲಿ ಅಂತ ನಗು ಬಂತು. ತಿರುಗಿ ನೋಡಿದೆ, ಹೇಳೋಕೆ ಯಾರೂ ಇರಲಿಲ್ಲ. ಐ ಮೀನ್, ಫ್ರೆಂಡ್ಸ್ ಸ್ವಲ್ಪ ಹಿಂದೆ ಇದ್ರು.

ಆಮೇಲೆ ಮಾರ್ಕೆಟ್ ಹತ್ರ ಒಂದು ಹೋಟ್ಲಲ್ಲಿ ತಿಂದ್ವಿ. ಹಿತವಾದ ವಾತಾವರಣ, ಸ್ನೇಹಮಯ ಸೇವೆ, ಪ್ರತಿ ತುತ್ತಿನಲ್ಲೂ ಅಪ್ಪಟ ಸ್ವಾದ. ಕುಟುಂಬ ಸಮೇತ ಭೇಟಿ ನೀಡಲು ಯೋಗ್ಯ ಸ್ಥಳ.

ಸೌಟಿನ ಸೂಪಿನ ತಳದಲ್ಲಿ ಏನಿರತ್ತೆ ಅತ್ತೆ? ಸೂಪೇ ಇತ್ತು. ಬಿಸಿ ಸರಿಯಾಗಿತ್ತು.

ಸೂಜಿ


ಆಗಸ್ಟ್ 30

ಸೂಜಿ,

ಉತ್ತರ ತಡವಾಯ್ತು. ಮನೆಯಲ್ಲಿ ಸ್ವಲ್ಪ ಓಡಾಟ ಇತ್ತು.

ಬಾಗಿಲುಗಳ ಬೀದಿ ನಿನ್ನ ಕಣ್ಣಲ್ಲೇ ನೋಡಿದೆ, ಮಗಳೇ. ಹೋಟ್ಲಿನದ್ದು ಮಾತ್ರ ನಿನ್ನ ಬಾಯಲ್ಲ, ಪೇಪರಿನ ಬಾಯಿ. 'ಕುಟುಂಬ ಸಮೇತ' ಯಾರ ಕುಟುಂಬ? ಲಾರಿ ಓಡಿಸೋ ನಿಮ್ಮಪ್ಪನಾ, ನಾನಾ?

ಹೆಚ್ಚು ಬರೆಯೋಕೆ ಆಗ್ತಿಲ್ಲ. ನೀನು ಬರಿ.

ಅತ್ತೆ


ಸೆಪ್ಟೆಂಬರ್ 5

ಅತ್ತೆ,

ಲಕೋಟೆ ಕೈಗೆ ಬಂದ ತಕ್ಷಣ ಗೊತ್ತಾಯ್ತು. ನೀನು ಸ್ಟಾಂಪ್ ತಲೆಕೆಳಗಾಗಿ ಅಂಟಿಸಿದ್ದೆ. ಮೆಟ್ಟಿಲ ಮೇಲೇ ಕೂತುಬಿಟ್ಟೆ. ಇಷ್ಟು ದಿನ ನಾನು ನೆಟ್ಟಗೆ ಅಂಟಿಸಿದ್ದು ಸುಳ್ಳು ಅಂತ ನಿನಗೆ ಗೊತ್ತಾಗಿದೆ. ಬಾಯಿಬಿಟ್ಟು ಕೇಳದೆ, 'ನಿಜ ಹೇಳೇ, ನೀನು ಸರಿಯಾಗಿದ್ದೀಯಾ' ಅಂತ ಸ್ಟಾಂಪಿನಲ್ಲೇ ಕೇಳಿದ್ದೀಯ. ಎಷ್ಟು ಚೆನ್ನಾಗಿ ಕೇಳಿದೆ ಅತ್ತೆ. ಬೀಗದ ಅಂಗಡಿಯವನು ಏನಾಯ್ತಮ್ಮ ಅಂತ ಮೇಲೆ ನೋಡೋ ಹಾಗೆ ಅತ್ತುಬಿಟ್ಟೆ.

ನಾನು ಸರಿಯಾಗಿಲ್ಲ.

ಫ್ರೆಂಡ್ಸ್ ಇಲ್ಲ. ಒಬ್ಬರೂ ಇಲ್ಲ. ಇಲ್ಲಿಗೆ ಬಂದಾಗಿನಿಂದ ಒಂದೇ ಒಂದು ಹೋಟ್ಲಲ್ಲೂ ನಾನು ತಿಂದಿಲ್ಲ. ಸೌಟಿನ ಅಂಗಡಿಯನ್ನ ಆವಿ ಕಟ್ಟಿದ ಕಿಟಕಿಯಿಂದ ನೋಡಿ ಬಂದದ್ದು. ಮಾರ್ಕೆಟ್ ಹೋಟ್ಲಿನ ಸಾಲುಗಳನ್ನ ಫೋನಲ್ಲಿ ನೋಡಿ ಬರೆದದ್ದು. ತಿನ್ನೋದು ರೂಮಲ್ಲಿ, ಬ್ರೆಡ್ಡು ಬಾಳೆಹಣ್ಣು. ಕಾಲೇಜಲ್ಲಿ ಲಂಚ್ ಟೈಮಿಗೆ ಲೈಬ್ರರಿಗೆ ಹೋಗಿ ಯಾವುದಾದರೂ ದಪ್ಪ ಪುಸ್ತಕ ತೆಗೆದು ಕೂರ್ತೀನಿ, ಓದ್ತಿರೋ ಹಾಗೆ.

ನಗಬೇಡ. ಹಾಸ್ಟೆಲಲ್ಲಿ ಗಂಟೆ ಹೊಡೀತಿತ್ತು, ತಟ್ಟೆ ತಗೊಂಡು ಸಾಲಲ್ಲಿ ನಿಲ್ತಿದ್ವಿ, ಹಾಕಿದ್ದು ತಿಂತಿದ್ವಿ, ತಟ್ಟೆ ತೊಳೆದು ಇಡ್ತಿದ್ವಿ. ನಿನಗೇನು ಬೇಕು ಅಂತ ಯಾರೂ ಯಾವತ್ತೂ ಕೇಳಿರಲಿಲ್ಲ. ಇಲ್ಲಿ ಅದೇ ಮೊದಲ ಪ್ರಶ್ನೆ. ಅದಕ್ಕಿಂತ ಮೊದಲು ಇನ್ನೊಂದು ಪ್ರಶ್ನೆ ಇದೆ.

ಜುಲೈಯಲ್ಲಿ ಒಂದು ಸಲ ಧೈರ್ಯ ಮಾಡಿ ಒಂದು ಹೋಟ್ಲೊಳಗೆ ಹೋಗಿದ್ದೆ. ನೀನು ಹೇಳಿದ ಹಾಗೇ, ಬೋರ್ಡು ಓದದೆ ಸೀದಾ. ಸಪ್ಲೈಯರ್ ಬಂದು 'ಎಷ್ಟು ಜನ?' ಅಂದ. 'ಒಬ್ಬಳೇ' ಅನ್ನೋ ಮಾತು ಗಂಟಲಲ್ಲೇ ಸಿಕ್ಕಿಹಾಕ್ಕೊಂಡ್ತು. 'ಇನ್ನೊಬ್ಬರು ಬರ್ತಾರೆ' ಅಂದುಬಿಟ್ಟೆ. ಅವನು ಎರಡು ಲೋಟ ನೀರು ತಂದಿಟ್ಟ. ಎದುರಿನ ಖಾಲಿ ಕುರ್ಚಿ ನೋಡ್ತಾ ಕೂತೆ. ಅವನು ಮತ್ತೆ ಬಂದ, ನಾನು ಫೋನ್ ನೋಡಿದೆ. ಮೂರನೇ ಸಲ ಬಂದಾಗ 'ಬರಲ್ವಂತೆ' ಅಂತ ಎದ್ದು ಬಂದೆ. ಅವನು ಪಾಪ 'ಹೋಗ್ಲಿ ಬಿಡಿ ಮೇಡಂ' ಅಂತ ಸಮಾಧಾನ ಹೇಳಿದ, ಯಾರೋ ನನಗೆ ಕೈಕೊಟ್ಟರು ಅನ್ನೋ ಹಾಗೆ.

ಅತ್ತೆ, ನಾನು ವಾಪಸ್ ಬರ್ತೀನಿ. ಈ ತಿಂಗಳ ಕೊನೆಯೊಳಗೆ ಸೀಟು ಬಿಟ್ಟರೆ ಸರ್ಟಿಫಿಕೇಟ್ ಕೊಡ್ತಾರೆ, ಮುಂದಿನ ವರ್ಷ ಊರ ಕಾಲೇಜಿಗೆ ಸೇರಬಹುದು. ನಿನ್ನ ಮನೆಯಲ್ಲೇ ಇರ್ತೀನಿ. ಅಪ್ಪನಿಗೆ ನೀನೇ ಹೇಳು. ನಾನು ಹೇಳಿದ್ರೆ ಅವನು ಬೈಯಲ್ಲ, ಸುಮ್ಮನಾಗ್ತಾನೆ. ಅದು ಬೈಗುಳಕ್ಕಿಂತ ಕಷ್ಟ.

ನಿನ್ನ ಸೂಜಿ
(ನನ್ನ ಸ್ಟಾಂಪ್ ನೋಡು.)


ಸೆಪ್ಟೆಂಬರ್ 13

ಸೂಜಿ, ಮಗಳೇ,

ನೋಡಿದೆ.

ಓದಿದೆ. ಆ ಎರಡು ಲೋಟ ನೀರಿನ ಹತ್ರ ಬಂದಾಗ ಪತ್ರ ಕೆಳಗಿಟ್ಟೆ.

ನೀನು ಸೌಟಿನ ಅಂಗಡಿಗೆ ಹೋಗಿಲ್ಲ ಅಂತ ನನಗೆ ಆವತ್ತೇ ಗೊತ್ತಿತ್ತು. ತಳದಲ್ಲಿ ಸೂಪು ಇತ್ತು ಅಂದ್ಯಲ್ಲ, ಆವತ್ತೇ. ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ ಅಂದ್ರೆ, ಸುಳ್ಳಾದ್ರೂ ಊಟದ ಸುಳ್ಳಲ್ವಾ, ಇನ್ನೂ ಸ್ವಲ್ಪ ಬರಲಿ ಅನ್ನಿಸ್ತು. ನಿನಗೆ ಅರ್ಥ ಆಗಲ್ಲ ಬಿಡು.

ಸೀಟು ಬಿಡಬೇಡ ಅಂತ ನಾನು ಹೇಳಲ್ಲ. ಹಾಸ್ಟೆಲ್ಲಿಗೆ ಸೇರಿಸೋವಾಗ ನಿನ್ನನ್ನ ಕೇಳಿದವರಿಲ್ಲ. ನಿಮ್ಮಮ್ಮ ತೀರಿಹೋಗಿದ್ದಳು, ಅಪ್ಪ ಲಾರಿಯ ಮೇಲಿದ್ದ, ಶಿಫ್ಟಿನ ಕೆಲಸದಲ್ಲಿ ನಾನು ಇಟ್ಕೊಳ್ಳೋಕಾಗಲಿಲ್ಲ. ಈ ಸಲ ತೀರ್ಮಾನ ನಿನ್ನದೇ. ಆದ್ರೆ ಊರು ಬಿಡೋ ಮೊದಲು ಒಂದೇ ಒಂದು ಸಲ ಸೌಟಿನ ಅಂಗಡಿಯಲ್ಲಿ ತಿಂದು ಬಾ. ಮೂರು ಗಂಟೆಗೆ ಹೋಗು. ಅಲ್ಲಿ ಏನು ಬೇಕು ಅಂತ ಕೇಳಲ್ಲ. ಇರೋದೇ ಒಂದು. ನಿನ್ನ ಹಾಸ್ಟೆಲ್ಲಿನ ಹಾಗೇ.

ತಿಂದು, ಹೇಗಿತ್ತು ಅಂತ ಬರಿ. ನಿಜ ಬರಿ. ಚೆನ್ನಾಗಿಲ್ಲದಿದ್ರೆ ಚೆನ್ನಾಗಿರಲಿಲ್ಲ ಅಂತಲೇ ಬರಿ. ನಿನಗೋಸ್ಕರ ಅಲ್ಲ ಕಣೇ, ನನಗೋಸ್ಕರ.

ಅತ್ತೆ


ಸೆಪ್ಟೆಂಬರ್ 21

ಅತ್ತೆ,

ತಿಂದೆ. ಕೇಳು. ಮೊದಲು ಮಾನ ಹೋದದ್ದು ಹೇಳ್ತೀನಿ, ಆಮೇಲೆ ಸೂಪು.

ಶನಿವಾರ ಮೂರು ಗಂಟೆಗೆ ಹೋದೆ. ಓಣಿಯಲ್ಲಿ ಆಚೆಗೊಮ್ಮೆ ಈಚೆಗೊಮ್ಮೆ ನಡೆದೆ. ನಿಮ್ಮ ಸೌಟು ಈಗಿಲ್ಲ, ತೀರಿಕೊಂಡು ತುಂಬಾ ವರ್ಷ ಆಯ್ತಂತೆ. ಈಗ ಸೊಸೆ ನಡೆಸ್ತಾರೆ. ಅವರಿಗೂ ವಯಸ್ಸಾಗಿದೆ. ಸೌಟು ಮಾತ್ರ ಅದೇ. ಒಳಗೆ ಹೋದೆ, ಮೂಲೆಯ ಮೇಜಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತೆ. ನಿಜವಾಗಲೂ ಯಾರೂ ಏನೂ ಕೇಳಲಿಲ್ಲ. ಬಟ್ಟಲು ಬಂತು. ತಿಂದೆ. ತಿಂದು ಮುಗಿದ ಮೇಲೆ ಏನು ಮಾಡಬೇಕು ಅಂತ ಗೊತ್ತಾಗಲಿಲ್ಲ. ಕೈ ತಾನಾಗೇ ಬಟ್ಟಲು ಎತ್ಕೊಂಡ್ತು, ಕಾಲು ತಾನಾಗೇ ಒಳಗೆ ನಡೀತು, ನಲ್ಲಿ ಕಾಣಿಸ್ತು, ತೊಳೆಯೋಕೆ ನಿಂತೆ. ನನ್ನದು ತೊಳೆದೆ. ಪಕ್ಕದಲ್ಲಿ ರಾಶಿ ಬಿದ್ದಿತ್ತು. ಹಾಸ್ಟೆಲಲ್ಲಿ ನಮ್ಮ ಸರದಿ ಬಂದಾಗ ರಾಶಿ ಬಿಟ್ಟು ಬಂದ್ರೆ ಬೈಗುಳ ಬೀಳ್ತಿತ್ತಲ್ಲ, ಅದನ್ನೂ ತೊಳೆಯೋಕೆ ಶುರು ಮಾಡಿದೆ.

ಸೊಸೆ ಬಂದು ಸೊಂಟಕ್ಕೆ ಕೈ ಇಟ್ಕೊಂಡು ನೋಡಿದ್ರು. 'ಯಾರಮ್ಮ ನೀನು? ಕೆಲಸಕ್ಕೆ ಜನ ಬೇಕು ಅಂತ ನಾನು ಹೇಳಿದ್ದು ಸೋಮವಾರದಿಂದ.'

'ಇಲ್ಲ, ನಾನು ಊಟಕ್ಕೆ ಬಂದವಳು.'

'ಊಟಕ್ಕೆ ಬಂದವಳು ಪಾತ್ರೆ ಯಾಕೆ ತೊಳೀತಿದ್ದೀಯ?'

'ಅಭ್ಯಾಸ.'

'ಎಂಥ ಮನೆಯಮ್ಮ ನಿಂದು! ನಮ್ಮ ಹುಡುಗಿಯನ್ನೂ ಅಲ್ಲಿಗೇ ಕಳಿಸ್ತೀನಿ, ಸ್ವಲ್ಪ ಕಲೀಲಿ!'

ಒಳಗೆ ಊಟಕ್ಕೆ ಕೂತಿದ್ದವರೆಲ್ಲ ಹೋ ಅಂತ ನಕ್ಕರು. ನೆಲ ಬಾಯಿಬಿಡಬಾರದಾ ಅನ್ನಿಸ್ತು. ನಿನ್ನ ಹೆಸರು ಹೇಳಿ ಬಚಾವಾಗೋಣ ಅಂತ, ಎಕ್ಸ್‌ಚೇಂಜಲ್ಲಿ ಕೆಲಸ ಮಾಡ್ತಿದ್ದ ನಮ್ಮತ್ತೆ ಕಳಿಸಿದ್ರು ಅಂದೆ. ಅವರು ಸೌಟು ಕೆಳಗಿಟ್ಟರು. 'ಮೂಲೆ ಮೇಜಿನ ಫೋನಮ್ಮನಾ? ಈ ಕಡೆ ಹುಬ್ಬಿನ ಮೇಲೆ ಮಚ್ಚೆ?'

'ಹೂಂ.'

'ನಾನು ಆಗ ಹೊಸದಾಗಿ ಮದುವೆಯಾಗಿ ಬಂದವಳು. ದಿನಾ ಬರೋರು. ದಿನಾ ಕೂತ ತಕ್ಷಣ, ಇನ್ನೊಬ್ಬರು ಬರ್ತಾರೆ ಅನ್ನೋರು. ನಮ್ಮತ್ತೆ ಮಾತಾಡದೆ ಎದುರಿಗೆ ಇನ್ನೊಂದು ಚಮಚ ಇಡೋರು. ಒಂದು ದಿನವೂ ಯಾರೂ ಬರಲಿಲ್ಲ, ಒಂದು ದಿನವೂ ನಾವು ಕೇಳಲಿಲ್ಲ. ಕೊನೆಗಾದ್ರೂ ಬಂದರೇನಮ್ಮ ಆ ಇನ್ನೊಬ್ಬರು?'

ನಾನು, 'ಬಂದೆ' ಅಂದೆ. ಯಾಕೆ ಹಾಗಂದೆ ಅಂತ ನನಗೇ ಗೊತ್ತಿಲ್ಲ. ಅವರಿಗೆ ಅರ್ಥವಾಯ್ತು. ಒದ್ದೆ ಕೈ ಹಿಡಿದು ಕರ್ಕೊಂಡು ಹೋಗಿ ತಾವು ಊಟಕ್ಕೆ ಕೂತಿದ್ದ ಬೆಂಚಲ್ಲಿ ಜಾಗ ಮಾಡಿ ಕೂರಿಸಿದ್ರು. ಎರಡನೇ ಬಟ್ಟಲು ಅಲ್ಲಿ ತಿಂದೆ.

ತಳದಲ್ಲಿ ಏನಿರತ್ತೆ ಅಂತ ಈಗ ಗೊತ್ತು. ಬ್ರೆಡ್ಡಿನ ಕೊನೇ ತುಂಡು, ಯಾರಿಗೂ ಬೇಡವಾದ ಗಟ್ಟಿ ಅಂಚು, ಬೆಣ್ಣೆಯಲ್ಲಿ ಕೆಂಪಗೆ ಹುರಿದದ್ದು. ಅದನ್ನ ಮೊದಲು ಇಟ್ಟು ಮೇಲೆ ಸೂಪು ಹಾಕ್ತಾರೆ. ಬರೀ ಸೂಪಿಗೆ ಬಂದವರೂ ಹಸಿದು ಹೋಗಬಾರದು ಅಂತ ನಿಮ್ಮ ಸೌಟು ಮಾಡಿದ ಪದ್ಧತಿ.

ಅತ್ತೆ, ಈ ಪತ್ರ ಮಡಚಿ, ಸ್ಟಾಂಪ್ ಅಂಟಿಸೋಕೆ ಕೂತಾಗ ಕೈ ನಿಂತುಹೋಯ್ತು. ಹಿಂದುಮುಂದು ಯೋಚನೆ ಮಾಡಿದೆ. ನಮ್ಮ ಕಳ್ಳಾಟದಲ್ಲಿ ಪ್ರಶ್ನೆ ಅನ್ನೋದೇ ಇರಲಿಲ್ಲ. ತಲೆಕೆಳಗೆ ಅಂದ್ರೆ ಕಳಿಸಿದವರು ಸರಿಯಾಗಿಲ್ಲ ಅಂತ. ಅಷ್ಟೇ. ನಾನು ಅಂಟಿಸಿದಾಗ ನೀನು ಮರುವಾರವೇ ಗೇಟಿನ ಹತ್ರ ಇದ್ದೆ. ನೀನು ಅಂಟಿಸಿದಾಗ ನಾನು ನನ್ನದೇ ಗೋಳು ಬರೆದು ಕಳಿಸಿದೆ.

ನಿನ್ನ ಪತ್ರಗಳನ್ನೆಲ್ಲ ಮತ್ತೆ ತೆಗೆದು ಓದಿದೆ. ನಾನು ಏನು ತಿಂದೆ, ಬಿಸಿ ಇತ್ತಾ, ಉಪ್ಪಿತ್ತಾ ಅಂತ ಪುಟಗಟ್ಟಲೆ ಕೇಳಿದ್ದೀಯ. ನೀನು ಏನು ತಿಂದೆ ಅಂತ ಒಂದು ಕಡೆಯೂ ಇಲ್ಲ.

ನೀನು ಏನು ತಿಂತಿದ್ದೀಯ ಅತ್ತೆ?

ಸೂಜಿ


ಸೆಪ್ಟೆಂಬರ್ 29

ಸೂಜಿ,

ಏನೂ ಇಲ್ಲ, ಮಗಳೇ.

ಗಂಟಲಿನ ಆಪರೇಷನ್ ಏಪ್ರಿಲಲ್ಲೇ ಆಯ್ತು. ನಿನ್ನ ಪರೀಕ್ಷೆ ಇತ್ತು, ಹೇಳಬೇಡ ಅಂತ ನಿಮ್ಮಪ್ಪನ ಹತ್ರ ಆಣೆ ಹಾಕಿಸಿಕೊಂಡೆ. ನೀನೂ ಹಾಸ್ಟೆಲ್ಲಿಂದ ಸೀದಾ ಆ ಊರಿಗೆ ಹೋದೆ, ನನ್ನನ್ನ ನೋಡಲಿಲ್ಲ. ದನಿ ಹೋಯ್ತು. ಆಮೇಲೆ ನುಂಗೋದೂ ಹೋಯ್ತು. ಈಗ ಹೊಟ್ಟೆಗೇ ಒಂದು ನಳಿಕೆ ಇಟ್ಟಿದ್ದಾರೆ. ನರ್ಸು ಬರೋದು ಮಾತಾಡಿಸೋಕಲ್ಲ. ಅದರಲ್ಲಿ ಬೆಳ್ಳಗಿನ ಹಿಟ್ಟಿನ ನೀರು ಬಿಡ್ತಾಳೆ. ಹೊಟ್ಟೆ ತುಂಬತ್ತೆ, ಬಾಯಿಗೆ ಸುದ್ದಿಯೇ ಗೊತ್ತಾಗಲ್ಲ.

ಹೇಳಿದ್ರೆ ನೀನು ನನ್ನೆದುರು ಊಟದ ಮಾತೇ ಎತ್ತುತ್ತಿರಲಿಲ್ಲ. ಇಲ್ಲಿ ಎಲ್ಲರೂ ಹಾಗೇ. ನಿಮ್ಮಪ್ಪ ಬಂದ್ರೆ ಚಹಾ ಕೂಡ ಹಿತ್ತಲಿಗೆ ಹೋಗಿ ಕಳ್ಳನ ಹಾಗೆ ಕುಡೀತಾನೆ. ನೀನು ಟಿಪ್ಸ್ ಕೇಳಿ ಬರೆದ ದಿನ ಸತ್ತುಹೋಗಿದ್ದ ನನ್ನ ನಾಲಿಗೆ ಎದ್ದು ಕೂತಿತು. ಆಗಸ್ಟಲ್ಲಿ ಮತ್ತೆ ಆಸ್ಪತ್ರೆ ಅಂದ್ರು, ಹೆದರಿದೆ, ಕೈ ತಾನಾಗೇ ಸ್ಟಾಂಪು ತಿರುಗಿಸಿತು. ನಿನ್ನ ಉತ್ತರ ಬಂದ ಮೇಲೆ ತಿರುಗಿಸಬಾರದಿತ್ತು ಅನ್ನಿಸ್ತು.

ಮೊನ್ನೆಯ ನಿನ್ನ ಪತ್ರ ಓದಿದೆ. ಮತ್ತೆ ಓದಿದೆ. ಹುರಿದ ಅಂಚಿನ ಹತ್ರ ಬಂದಾಗ ಬಾಯಲ್ಲಿ ನೀರು ಬಂತು. ನರ್ಸು ಒರೆಸಿದಳು.

ಆ ಇನ್ನೊಬ್ಬರ ವಿಷಯ. ಯಾರೂ ಇರಲಿಲ್ಲ ಕಣೇ, ಯಾರನ್ನೂ ಕಾಯ್ತಿರಲಿಲ್ಲ. ನೀನಂದ ಹಾಗೇ, 'ಒಬ್ಬಳೇ' ಅನ್ನೋದು ಗಂಟಲಲ್ಲಿ ಸಿಕ್ಕಿಹಾಕ್ಕೊಳ್ತಿತ್ತು.

ಕಣ್ಣು ಬೇಗ ದಣಿಯತ್ತೆ. ಅಪ್ಪ ಲಾರಿಗೆ ರಜಾ ಹಾಕಿ ಬಂದಿದ್ದಾನೆ. ಇನ್ನು ಮೇಲೆ ಅವನೇ ಓದಿ ಹೇಳ್ತಾನೆ.

ಅತ್ತೆ


ನವೆಂಬರ್ 3

ಅತ್ತೆ,

ನಾನು ವಾಪಸ್ ರೂಮಿಗೆ ಬಂದು ತಲುಪಿದೆ. ನಿನ್ನ ಪತ್ರ ನೋಡಿ ಊರಿಗೆ ಓಡಿ ಬಂದು ನಿನ್ನ ಪಕ್ಕ ಅಷ್ಟು ದಿನ ಕೂತಿದ್ದು ಎದ್ದು ಬರೋದು ಎಷ್ಟು ಕಷ್ಟ ಅಂತ ನಿನಗೆ ಗೊತ್ತಿದ್ದೇ ನೀನು ಸ್ಲೇಟಿನ ಮೇಲೆ ಅಷ್ಟು ದೊಡ್ಡ ಅಕ್ಷರದಲ್ಲಿ ಬೈದದ್ದು: 'ಇಲ್ಲಿ ಕೂತು ಏನು ತಿಂತೀಯ? ಹೋಗು.' ಸೀಟು ಬಿಟ್ಟಿಲ್ಲ. ಹೆದರಿಕೆ ಹೋಗಿದೆ ಅಂತ ಸುಳ್ಳು ಹೇಳಲ್ಲ. ಲೈಬ್ರರಿಯ ದಪ್ಪ ಪುಸ್ತಕ ಇನ್ನೂ ಅಲ್ಲೇ ಇದೆ, ನಾನೂ ವಾರದಲ್ಲಿ ಸುಮಾರು ದಿನ ಅಲ್ಲೇ ಇರ್ತೀನಿ. ಶನಿವಾರ ಮಾತ್ರ ಸೌಟಿನ ಅಂಗಡಿ.

ಈ ಪತ್ರ ಓದೋದು ಅಪ್ಪ. ಅಪ್ಪಾ, ನೀನು ಲಾರಿ ಓಡಿಸೋ ಹಾಗೆ ಓದಬೇಡ. ನಾನು ನಿಲ್ಲು ಅಂದ ಕಡೆ ನಿಲ್ಲಬೇಕು. ಮುಂದೆ ಏನಿದೆ ಅಂತ ಕದ್ದು ನೋಡಬಾರದು.

ಒಳಗೆ ಹೋದೆ. ಹೊಸದಾಗಿ ಸೇರಿದ ಸಪ್ಲೈಯರ್ ನಿಂತಿದ್ದ, ನನ್ನ ಗುರುತಿಲ್ಲ. 'ಎಷ್ಟು ಜನ?' ಅಂದ. 'ಇಬ್ಬರು' ಅಂದೆ. ಸೊಸೆ ಒಳಗಿಂದಲೇ ಕೇಳಿಸ್ಕೊಂಡು ಎರಡು ಚಮಚ ಕಳಿಸಿದ್ರು. ಮೂಲೆ ಮೇಜು. ಗೋಡೆ ಬೆನ್ನಿಗೆ ತಣ್ಣಗಿತ್ತು. ಕಿಟಕಿಯ ಆವಿಯ ಮೇಲೆ ಯಾರೋ ಬೆರಳಲ್ಲಿ ಬೆಕ್ಕು ಬರೆದಿದ್ರು, ಅದು ಕರಗಿ ಕೆಳಗೆ ಇಳೀತಿತ್ತು.

ಬಟ್ಟಲು ಬಂತು. ಮುಖಕ್ಕೆ ಬಿಸಿ ಹೊಡೀತು. ಮೊದಲು ವಾಸನೆ: ಈರುಳ್ಳಿ, ಅದು ಕಂದು ಬಣ್ಣಕ್ಕೆ ತಿರುಗಿ ಸಿಹಿಯಾಗತ್ತಲ್ಲ, ಆ ಹಂತದ್ದು. ಅದರ ಹಿಂದೆ ಮೆಣಸು, ಮೂಗಿನ ಒಳಗೆ ಸಣ್ಣಗೆ ಚಿವುಟೋಷ್ಟು. ಚಮಚದ ಅಂಚಿನಿಂದ ಸ್ವಲ್ಪವೇ ತಗೊಂಡು ಊದಿದೆ. ಆದ್ರೂ ನಾಲಿಗೆಯ ತುದಿ ಸುಟ್ಟಿತು. ನಿನ್ನ ಮೊದಲ ಪ್ರಶ್ನೆಗೆ ಉತ್ತರ: ಹೌದು, ಸುಟ್ಕೊಂಡೆ.

ಅಪ್ಪಾ, ಇಲ್ಲಿ ನಿಲ್ಲು. ಅತ್ತೆಗೆ ಊದಿ ಆರಿಸ್ಕೊಳ್ಳೋಕೆ ಬಿಡು.

ಎರಡನೇ ಚಮಚ. ಉಪ್ಪು ಮುಂದೆ, ಮೆಣಸು ಹಿಂದೆ, ಗಂಟಲ ಹತ್ರ ಹೋದ ಮೇಲೆ. ಆಲೂಗಡ್ಡೆ ಒತ್ತಿದರೆ ಪುಡಿಯಾಗತ್ತೆ, ಆದ್ರೆ ತುಂಡಿನ ಆಕಾರ ಬಿಟ್ಟಿಲ್ಲ. ಈರುಳ್ಳಿ ಹಲ್ಲಿಗೆ ಸಿಗಲ್ಲ, ನಾಲಿಗೆಗೆ ಮಾತ್ರ ಗೊತ್ತಾಗತ್ತೆ, ರೇಷ್ಮೆ ದಾರ ಎಳೆದ ಹಾಗೆ. ಒಳಗೆ ಇಳೀವಾಗ ಎದೆಯ ಮಧ್ಯದ ತನಕ ಬಿಸಿ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಬಹುದು. ನೀನು ಮನುಷ್ಯಳಾಗ್ತಿದ್ದ ಜಾಗ ಅದೇ ಇರಬೇಕು.

ನಿಲ್ಲು ಅಪ್ಪಾ. ನುಂಗಲಿ.

ಆಯ್ತಾ ಅತ್ತೆ? ಹಾಗೇ ತಿಂತಾ ತಿಂತಾ ಸೂಪು ಕಡಿಮೆಯಾಗ್ತಾ ಬಂತು. ಪಕ್ಕದ ಬೆಂಚಿನಲ್ಲಿ ಒಬ್ಬ ಹೆಂಗಸು, ಯೂನಿಫಾರ್ಮ್ ಮೇಲೆ ಸ್ವೆಟರ್ ಹಾಕಿದ್ದಳು, ಒಬ್ಬಳೇ. ಎದುರಿನ ಖಾಲಿ ಜಾಗದಲ್ಲಿ ಕೈಚೀಲ ಇಟ್ಕೊಂಡಿದ್ದಳು, ಯಾರೋ ಬರ್ತಾರೆ ಅನ್ನೋ ಹಾಗೆ. ನಾವು ಒಬ್ಬರನ್ನೊಬ್ಬರು ನೋಡಿದ್ವಿ. ನಾನು ಅವಳ ಕಡೆ ಉಪ್ಪಿನ ಡಬ್ಬಿ ಸರಿಸಿದೆ. ಅವಳು ಹಾಕ್ಕೊಂಡಳು, ಬೇಕಾಗಿಲ್ಲದಿದ್ರೂ.

ಈಗ ತಳ ಕಾಣಿಸ್ತಿದೆ. ಅಂಚಿನ ತುಂಡು ಅಲ್ಲಿದೆ. ಒಂದು ಕಡೆ ಸೂಪು ಕುಡಿದು ಮೆತ್ತಗಾಗಿದೆ, ಇನ್ನೊಂದು ಕಡೆ ಇನ್ನೂ ಗರಿಗರಿ. ಅದರ ಮೇಲೆ ಬೆಣ್ಣೆಯ ಒಂದು ಸಣ್ಣ ಕಣ್ಣು ತೇಲ್ತಿದೆ. ಅದನ್ನ ಎರಡನೇ ಚಮಚದಲ್ಲಿ ಎತ್ತಿದೆ, ಎದುರಿಗೆ ಇಟ್ಟಿದ್ದ ಚಮಚದಲ್ಲಿ.

ನಾನು ತಿಂದಿಲ್ಲ.

ಅಪ್ಪಾ, ಈ ಕೊನೇ ಸಾಲು ತುಂಬಾ ನಿಧಾನಕ್ಕೆ ಓದು. ಗಟ್ಟಿ ಇದೆ, ಅಗಿಯೋಕೆ ಹೊತ್ತು ಬೇಕು.